ಹಿಮ ಬೀಳದ ನಾಡಿನಲ್ಲಿ ಹಿಮದ ಸಂಕೇತ

ಡಿಸೆಂಬರ್ ತಿಂಗಳ ಕೊನೆಯ ವಾರಗಳಲ್ಲಿ ಅಂಧೇರಿಯ ಮರೋಳ, ಚಕಾಲಾ ಮೊದಲಾದೆಡೆಗಳ ಕ್ರೈಸ್ತರ ಮನೆಗಳ ಮುಂದೆ ಗೋದಲಿಗಳು ಸಿದ್ಧವಾಗುತ್ತವೆ. ಅವುಗಳ ಮಾಡಿನ ಮೇಲೆ ಹತ್ತಿಯನ್ನು ಹರಡಿ ಹಿಮವೆಂದು ಭಾವಿಸುವುದು ವಾಡಿಕೆ. ಬ್ಯಾಂಕಿನ ಕೆಲಸ ಮುಗಿಸಿ ಮರಳುವಾಗ ಇವನ್ನು ಕಂಡ ನಮಗೆ ಒಂದು ಪ್ರಶ್ನೆ ಏಳುತ್ತದೆ: ಹಿಮವೇ ಬೀಳದ ಈ ಕಡಲತಡಿಯಲ್ಲಿ ಆ ಸಂಕೇತಕ್ಕೆ ಬೇರುಂಟೆ, ಅಥವಾ ಅದು ಬರಿಯ ಆಮದಿನ ಅಲಂಕಾರವೆ?

ಗೋದಲಿಯ ಹಿಮಕ್ಕಂತೂ ಧರ್ಮಗ್ರಂಥದ ಆಧಾರವಿಲ್ಲ. ಕ್ರಿಸ್ತಜನನವನ್ನು ಹೇಳುವ ಮತ್ತಾಯ, ಲೂಕರ ಸುವಾರ್ತೆಗಳಲ್ಲಿ ಹಿಮದ ಮಾತೇ ಬರುವುದಿಲ್ಲ; ಅದು ಉತ್ತರ ಯೂರೋಪಿನ ಚಳಿಗಾಲದ ಕೊಡುಗೆ. ಆದರೆ ಬೈಬಲಿನ ಇತರ ಭಾಗಗಳಲ್ಲಿ ಹಿಮಕ್ಕೆ ಗಂಭೀರವಾದ ಅರ್ಥಗಳಿವೆ. 51ನೆಯ ಕೀರ್ತನೆಯಲ್ಲಿಯೂ ಯೆಶಾಯನ ಮೊದಲ ಅಧ್ಯಾಯದಲ್ಲಿಯೂ ಅದು ಪಾಪ ತೊಳೆದ ಬಾಳಿನ ಬಿಳುಪು. ಮತ್ತಾಯನಲ್ಲಿ, ಬರಿದಾದ ಸಮಾಧಿಯ ಬಳಿ ಕುಳಿತ ದೇವದೂತನ ಉಡುಪಿನ ಬಿಳುಪು. ಅದೇ ಉಪಮೆ ಮಿರ್ಯಾಮಳ ಮೈಗೆ ಹತ್ತಿದ ಕುಷ್ಠಕ್ಕೂ ಸಂದಿದೆ. ಆದುದರಿಂದ ಹಿಮವೆಂದರೆ ಶುದ್ಧಿ ಎಂದಷ್ಟೇ ಹೇಳಿ ಮುಗಿಸುವಂತಿಲ್ಲ. ಯೆಶಾಯನ 55ನೆಯ ಅಧ್ಯಾಯದಲ್ಲಿ ಮೂರನೆಯದೊಂದು ಅರ್ಥವಿದೆ: ಮಳೆಯ ಜತೆಗಿಳಿದು ಪೈರನ್ನು ಬೆಳೆಯಿಸುವ ಹಿಮ ಅಲ್ಲಿ ದೇವರ ವಾಕ್ಯಕ್ಕೆ ಹೋಲಿಕೆಯಾಗಿದೆ.

ಹಿಮವನ್ನು ಕಾಣದ ಜನಕ್ಕೆ ಇದನ್ನು ತಿಳಿಸುವುದು ಹೇಗೆ? 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರಿಗೂ, 1834ರಲ್ಲಿ ಮಂಗಳೂರಿನಲ್ಲಿ ನೆಲೆಯೂರಿದ ಬಾಸೆಲ್ ಮಿಷನ್ನಿನ ವಿದ್ವಾಂಸರಿಗೂ ಹಿಮ ಹುಟ್ಟುನಾಡಿನ ಅನುಭವ. ಅವರ ಕನ್ನಡ ಓದುಗರಿಗೆ ಅದು ಕೇಳಿ ತಿಳಿದ ವಸ್ತು. ತಮಿಳು ಬೈಬಲು ಯೆಶಾಯನ ಪಾಪಕ್ಷಮೆಯ ಮಾತಿನಲ್ಲಿ ‘ಉರೈಂದ ಮಳೈ’, ಎಂದರೆ ಹೆಪ್ಪುಗಟ್ಟಿದ ಮಳೆ, ಎಂದು ಬಿಡಿಸಿ ಹೇಳಿತು. ಕನ್ನಡದಲ್ಲಿ ‘ಮಂಜು’ ಎಂಬ ಮಾತು ಕೈಗೆಟಕುವಂತಿತ್ತು. ಆದರೆ ಮಲೆನಾಡಿನ ಮಂಜು ದಾರಿಯನ್ನು ಮರೆಮಾಡುತ್ತದೆ. ಮುಪ್ಪಿನಲ್ಲಿ ಕಣ್ಣು ಮಂಜಾಗುತ್ತದೆ. ಕನ್ನಡ ಬೈಬಲಿನ ಆ ಮಾತಿನಲ್ಲಿ ನಿಂತ ಪದ ‘ಹಿಮ’. ಹಿಮವಂತನನ್ನೂ ಕೈಲಾಸವನ್ನೂ ಕಥೆಗಳಲ್ಲಿ ಬಲ್ಲ ಕನ್ನಡಿಗನಿಗೆ ಆ ವಸ್ತು ಅಪರಿಚಿತವಾದರೂ ಪದ ಮೊದಲೇ ಪವಿತ್ರವಾಗಿತ್ತು.

ಪದಕ್ಕಿಂತಲೂ ಆಳವಾಗಿ ಬೇರೂರಿದುದು ಹಬ್ಬ. ನಾಲ್ಕನೆಯ ಶತಮಾನದಲ್ಲಿ, ಪೋಪ್ ಲಿಬೇರಿಯಸರ ಕಾಲದಲ್ಲಿ, ಬೇಸಗೆಯ ನಡುವೆ ಆಗಸ್ಟ್ 5ರಂದು ರೋಮಿನ ಎಸ್ಕ್ವಿಲೀನ್ ಗುಡ್ಡದ ಮೇಲೆ ಹಿಮ ಬಿದ್ದು, ಮೇರಿಮಾತೆಯ ದೇವಾಲಯಕ್ಕೆ ಸ್ಥಳವನ್ನು ತೋರಿಸಿತೆಂದು ಐತಿಹ್ಯ. ಈ ಕಥೆ ಬರೆವಣಿಗೆಗೆ ಬಂದದ್ದು ಶತಮಾನಗಳ ತರುವಾಯವಾದ್ದರಿಂದ ಅದನ್ನು ಇತಿಹಾಸವೆನ್ನಲಾಗದು. ಆದರೆ ‘ಹಿಮಮಾತೆ’ಯ ಭಕ್ತಿ ಪೋರ್ಚುಗೀಸರ ಕಾಲದಲ್ಲಿ ನಮ್ಮ ಕರಾವಳಿಗಳನ್ನು ಮುಟ್ಟಿದುದು ಇತಿಹಾಸ. ಮುತ್ತು ತೆಗೆಯುವ ಪರವರ ತೂತ್ತುಕುಡಿಯಲ್ಲಿ ಆಕೆ ‘ಪನಿಮಯ ಮಾತಾ’. ತಮಿಳಿನ ‘ಪನಿ’ ಇಬ್ಬನಿ, ಮಂಜು, ಹಿಮ ಮೂರನ್ನೂ ಸೂಚಿಸುತ್ತದೆ. ನಮ್ಮ ‘ಹನಿ’ ಅದರ ಬಂಧು. ಗೋವೆಯ ಸಾಷ್ಟಿ ಸೀಮೆಯ ರಾಯ ಗ್ರಾಮದಲ್ಲಿಯೂ ಹಿಮಮಾತೆಯ ಚರ್ಚು ಇದೆ. ಅಲ್ಲಿ ಆಗಸ್ಟ್ 5ರ ಸುರಿಮಳೆಯ ದಿನಗಳಲ್ಲಿಯೇ ಹೊಸ ಬತ್ತದ ತೆನೆಯನ್ನು ಕೊಯ್ದು ಆಶೀರ್ವದಿಸುವ ಹಬ್ಬ ನಡೆಯುತ್ತದೆ. ರೋಮಿನ ಹಿಮ ಇಲ್ಲಿ ತೆನೆಯೊಡನೆ ಕೂಡಿತು; ಯೆಶಾಯನ ಮೂರನೆಯ ಅರ್ಥ ಗದ್ದೆಯಲ್ಲಿ ಫಲಿಸಿತು.

ಮಂಗಳೂರಿನ ಕೆಥೋಲಿಕರು ತೆನೆಯ ಹಬ್ಬವನ್ನು ಮೇರಿಮಾತೆಯ ಜನ್ಮದಿನವಾದ ಸೆಪ್ಟೆಂಬರ್ 8ರಂದು ಆಚರಿಸುತ್ತಾರೆ. ‘ಮೊಂತಿ ಫೆಸ್ತ್’ ಎಂಬ ಆ ಹಬ್ಬವನ್ನು ಮುಂಬಯಿಗೆ ಬಂದ ಕುಟುಂಬಗಳೂ ಮರೆತಿಲ್ಲ. ಕರಾವಳಿಯ ‘ಹೊಸತು’ ಊಟವನ್ನು ಉಂಡು ಬೆಳೆದ ಯಾವ ಕನ್ನಡಿಗನಿಗೂ ಇದು ಪರಕೀಯವೆನಿಸದು.

ಗೋದಲಿಯ ಹತ್ತಿಯನ್ನು ಜನವರಿಯಲ್ಲಿ ಬಿಚ್ಚಿ ಕಟ್ಟಿಡುತ್ತಾರೆ. ತೆನೆಯ ಕಾಳಾದರೋ ಮನೆಯವರೆಲ್ಲರ ಊಟದಲ್ಲಿ ಬೆರೆಯುತ್ತದೆ. ಹೊರಗಿನಿಂದ ಬಂದ ಸಂಕೇತವು ಹೊಸ ನೆಲದ ಅನ್ನದೊಡನೆ ಸಂಬಂಧ ಬೆಳಸಿದಾಗಲೇ ಸ್ವಂತದ್ದಾಗುತ್ತದೆ. ಊರು ಬಿಟ್ಟು ಬಂದು, ತಂದುದರಲ್ಲಿ ಅಲಂಕಾರವಾವುದು, ಅನ್ನವಾವುದು ಎಂದು ಆರಿಸಿಕೊಳ್ಳಬೇಕಾದ ನಮಗೂ ಈ ಮಾತು ಸಲ್ಲುತ್ತದೆ.