ತಮಟೆ ಬೇಕು, ತಮಟೆ ಬಡಿಯೋನು ಬೇಡ



ಸಿನಿಕ್ ಅಂತ ಒಂದು ಮೆಟಲ್ ಬ್ಯಾಂಡ್. ನಮ್ಮಲ್ಲಿ ಕೇಳಿದವರು ಬಹಳ ಕಮ್ಮಿ. ಅಮೆರಿಕದ ಮಯಾಮಿಯಲ್ಲಿ 1987ರಲ್ಲಿ ಪಾಲ್ ಮಾಸ್ವಿಡಾಲ್, ಶಾನ್ ರೈನರ್ಟ್ ಎಂಬ ಇಬ್ಬರು ಹುಡುಗರು ಕಟ್ಟಿದ್ದು. ಪಾಲ್ ಗಿಟಾರ್, ಶಾನ್ ಡ್ರಮ್ಸ್. ಪಾಲ್ ಕ್ಯೂಬಾ ಮೂಲದ ಮನೆಯವನು.

1991ರಲ್ಲಿ 'ಡೆತ್' ಬ್ಯಾಂಡಿನ 'ಹ್ಯೂಮನ್' ಆಲ್ಬಮ್ಮಿಗೆ ಇಬ್ಬರೂ ನುಡಿಸಿದರು. ಆ ಡ್ರಮ್ಸ್ ಕೇಳಿ ಕಲಿತ ಡ್ರಮ್ಮರುಗಳು ಲೆಕ್ಕವಿಲ್ಲ. ತಮ್ಮದೇ ಆಲ್ಬಮ್ ಮಾಡೋಣ ಅನ್ನುವಷ್ಟರಲ್ಲಿ 1992ರ ಆಗಸ್ಟಿನಲ್ಲಿ ಆಂಡ್ರ್ಯೂ ಚಂಡಮಾರುತ ಬಡಿದು ಕೆಲಸ ನಿಂತುಹೋಯಿತು. ಕೊನೆಗೆ 1993ರಲ್ಲಿ 'ಫೋಕಸ್' ಬಂತು. ಎಂಟೇ ಹಾಡು. ಮೆಟಲ್ಲಿನ ಅಬ್ಬರದ ಜೊತೆ ಜಾಝ್, ಯಂತ್ರದ ಮೂಲಕ ಹಾಯ್ದು ಬರುವ ಮೆಲುದನಿ. ಆಗಿನ ಮೆಟಲ್ ಕೇಳುಗರಲ್ಲಿ ಬಹಳ ಜನಕ್ಕೆ ಹಿಡಿಸಲಿಲ್ಲ. ಮರುವರ್ಷ ಬ್ಯಾಂಡ್ ಮುರಿಯಿತು. ಎರಡನೇ ಆಲ್ಬಮ್ ಬರೋಕೆ 15 ವರ್ಷ ಬೇಕಾಯಿತು: 2008ರ 'ಟ್ರೇಸ್ಡ್ ಇನ್ ಏರ್'. ಅಷ್ಟರಲ್ಲಿ 'ಫೋಕಸ್'ನ ಮೊದಲ ಹಾಡಿನ ಹೆಸರನ್ನೇ ಇಟ್ಟುಕೊಂಡು ಶಿಕಾಗೋದಲ್ಲಿ 'ವೇಲ್ ಆಫ್ ಮಾಯಾ' ಎಂಬ ಇನ್ನೊಂದು ಬ್ಯಾಂಡ್ ಹುಟ್ಟಿತ್ತು!

2014ರಲ್ಲಿ ಪಾಲ್, ಶಾನ್ ಇಬ್ಬರೂ ಪತ್ರಿಕೆಯ ಮುಂದೆ ಹೇಳಿದರು: ನಾವು ಸಲಿಂಗಿಗಳು. 'ಗಂಡಸುತನ'ವೇ ಬಂಡವಾಳವಾದ ಆ ಲೋಕದಲ್ಲಿ ಅಷ್ಟು ವರ್ಷ ಬಾಯಿ ಕಟ್ಟಿಕೊಂಡು ನುಡಿಸಿದ್ದರು. ಹೆಸರು ಮುಚ್ಚಿಟ್ಟು, ಕೇರಿ ಮುಚ್ಚಿಟ್ಟು ಬಾಡಿಗೆ ಮನೆ ಹಿಡಿದವರಿಗೆ ಈ ಮೌನದ ಭಾರ ಎಷ್ಟು ಅಂತ ವಿವರಿಸಬೇಕಾಗಿಲ್ಲ.

2020ರ ಜನವರಿಯಲ್ಲಿ ಶಾನ್ ತೀರಿಕೊಂಡ. ವಯಸ್ಸು 48. ಅವನ ಅಂಗದಾನ ಮಾಡಲು ಹೋದರೆ, ಸಲಿಂಗಿ ಅನ್ನೋ ಕಾರಣಕ್ಕೆ ಬೇಡ ಅಂದರು ಎಂದು ಅವನ ಗಂಡ ಬಹಿರಂಗವಾಗಿ ಬರೆದರು.

ಇಲ್ಲೇ ನನಗೆ ನಮ್ಮ ತಮಟೆ ನೆನಪಾಗೋದು. ಜಾತ್ರೆಗೆ ತಮಟೆ ಬೇಕು, ಸಾವಿಗೂ ತಮಟೆ ಬೇಕು. ಬಡಿದವನು ಮಾತ್ರ ಗುಡಿಯ ಹೊರಗೆ. ಶಾನ್‌ನ ತಾಳ ಎಲ್ಲರಿಗೂ ಬೇಕಿತ್ತು, ಮೈ ಮೈಲಿಗೆಯಾಯಿತು. ಜಾತಿಯೂ ಇದೂ ಒಂದೇ ಅಂತ ನಾನು ಹೇಳ್ತಿಲ್ಲ. ಜಾತಿಗೆ ಸಾವಿರಾರು ವರ್ಷದ ಶಾಸ್ತ್ರ ಇದೆ, ಭೂಮಿ ಕಿತ್ತುಕೊಂಡ ಚರಿತ್ರೆ ಇದೆ. ಆದರೆ ಒಬ್ಬ ಮನುಷ್ಯನನ್ನು ನೋಡದೆ ಅವನ ಇಡೀ ಗುಂಪಿನ ರಕ್ತವೇ ಕೊಳಕು ಅನ್ನೋ ಲೆಕ್ಕ ಇದೆಯಲ್ಲ, ಅದು ನಮಗೆ ಚೆನ್ನಾಗಿ ಗೊತ್ತಿರೋ ಲೆಕ್ಕ.

ಅಮೆರಿಕದ ಮಾತು ಅಂತ ತಳ್ಳಿಹಾಕಬೇಡಿ. ನಮ್ಮ ದೇಶದ 2017ರ ರಕ್ತದಾನ ಮಾರ್ಗಸೂಚಿಯೂ ಟ್ರಾನ್ಸ್‌ಜೆಂಡರ್ ಜನರನ್ನು, ಸಲಿಂಗಿ ಗಂಡಸರನ್ನು ಹೊರಗಿಟ್ಟಿತು. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೂ ಹೋಗಿದ್ದಾರೆ. ಪ್ರತಿ ಏಪ್ರಿಲ್ 14ಕ್ಕೆ ಬಾಬಾಸಾಹೇಬರ ಫೋಟೋ ಇಟ್ಟು ರಕ್ತದಾನ ಶಿಬಿರ ಮಾಡೋರು ನಾವು. ಅಲ್ಲಿ ಸಾಲಲ್ಲಿ ನಿಂತ ನಮ್ಮದೇ ಕೇರಿಯ ಒಬ್ಬರನ್ನು ಎಬ್ಬಿಸಿ ಕಳಿಸಿದರೆ ಯಾರು ಕೇಳ್ತೀವಿ?

ಸಭೆಗೆ ತಮಟೆ ಬಡಿಯೋಕೆ, ಹೋರಾಟದ ಹಾಡು ಹಾಡೋಕೆ ಅವರನ್ನು ಕರೀತೀವಿ. ವೇದಿಕೆ ಮೇಲೆ ಕುರ್ಚಿ ಹಾಕ್ತೀವಾ? ಮೊದಲು ಅದನ್ನು ಮಾಡೋಣ.

ಜೈಭೀಮ್.