ಒಂದು ಮಗುವಿನ ಪಾಲಿಗೆ ಎಷ್ಟು?

ಅಮೆರಿಕದಲ್ಲಿ 'ಶಾಲಾ ಜಿಲ್ಲೆ' ಎಂದರೆ ನಮ್ಮ ಕಂದಾಯ ಜಿಲ್ಲೆಯಂಥದ್ದಲ್ಲ. ಶಾಲೆ ನಡೆಸುವುದಕ್ಕಾಗಿಯೇ ಇರುವ ಸ್ಥಳೀಯ ಸಂಸ್ಥೆ ಅದು. ತನ್ನ ಆಡಳಿತ ಮಂಡಳಿ ತನಗುಂಟು, ಹೆಚ್ಚಿನ ಕಡೆ ಊರಿನ ಆಸ್ತಿ ತೆರಿಗೆಯಲ್ಲೂ ಪಾಲುಂಟು. ನಮ್ಮಲ್ಲಿ ಸರ್ಕಾರಿ ಶಾಲೆಯ ಮೇಷ್ಟರ ಸಂಬಳ ರಾಜ್ಯದ ಖಜಾನೆಯಿಂದ ಬರುತ್ತದೆ, ಊರಿನವರು ಅದರ ಲೆಕ್ಕ ಕೇಳುವ ಪ್ರಸಂಗವೇ ಬರುವುದಿಲ್ಲ. ಅಲ್ಲಿ ಆ ಲೆಕ್ಕವೇ ಊರಿನ ರಾಜಕೀಯ. ಮಹಾನಗರಗಳ ಶಾಲಾ ಬಜೆಟ್ ನೂರು ವರ್ಷಗಳಲ್ಲಿ ಪಟ್ಟ ಪಾಡನ್ನು ಗಮನಿಸಿದರೆ ಒಂದೇ ಪ್ರಶ್ನೆ ಮತ್ತೆಮತ್ತೆ ತಲೆಯೆತ್ತುತ್ತದೆ: ಈ ಬೀದಿಯ ಈ ಶಾಲೆಯಲ್ಲಿ ಕೂತ ಮಗುವಿಗೆ ನಿಜಕ್ಕೂ ಎಷ್ಟು ಹಣ ತಲುಪಿತು?

ಮೊದಮೊದಲು ಈ ಪ್ರಶ್ನೆಯನ್ನು ಯಾರೂ ಕೇಳುತ್ತಿರಲಿಲ್ಲ. 20ನೇ ಶತಮಾನದ ಆರಂಭದ ಬಜೆಟ್ ಬಾಬ್ತುವಾರು ಪಟ್ಟಿ: ಸಂಬಳಕ್ಕೆ ಇಷ್ಟು, ಪುಸ್ತಕಕ್ಕೆ ಇಷ್ಟು, ರಿಪೇರಿಗೆ ಇಷ್ಟು. ಅದೇ ಕಾಲಕ್ಕೆ ಕಾರ್ಖಾನೆಯ ದಕ್ಷತೆಯ ಗೀಳು ಶಾಲೆಗೂ ಹಿಡಿಯಿತು. ಎಲ್‌ವುಡ್ ಕಬರ್ಲಿ 1916ರ ತನ್ನ ಶಾಲಾಡಳಿತದ ಪುಸ್ತಕದಲ್ಲಿ ಶಾಲೆಯನ್ನು ಕಾರ್ಖಾನೆಗೂ ಮಕ್ಕಳನ್ನು ಕಚ್ಚಾ ಸಾಮಗ್ರಿಗೂ ಹೋಲಿಸಿದ. ಇಂಡಿಯಾನಾದ ಗ್ಯಾರಿ ಎಂಬ ಉಕ್ಕಿನ ಊರಿನಲ್ಲಿ ವಿಲಿಯಂ ವರ್ಟ್ ಒಂದೇ ಕಟ್ಟಡದಲ್ಲಿ ಎರಡು ತಂಡಗಳನ್ನು ತಿರುಗಿಸಿ ಒಂದು ಕೋಣೆಯೂ ಖಾಲಿ ಬೀಳದಂತೆ ಮಾಡಿದ್ದ. ನ್ಯೂಯಾರ್ಕ್ ಅದನ್ನು ತರಲು ಹೋದಾಗ ತಾಯ್ತಂದೆಯರು ಬೀದಿಗಿಳಿದರು. 1917ರ ಮೇಯರ್ ಚುನಾವಣೆಯಲ್ಲಿ ಯೋಜನೆಯ ಬೆನ್ನಿಗಿದ್ದವರು ಸೋತರು. ಈ ಇಡೀ ಕಾಲವನ್ನು ರೇಮಂಡ್ ಕ್ಯಾಲಹನ್ 1962ರಲ್ಲಿ ಕಟುವಾಗಿ ವಿಮರ್ಶಿಸಿದರು. ಅವರ ಪುಸ್ತಕ ಇಂದಿಗೂ ಓದಬೇಕಾದ್ದು.

1960ರ ದಶಕದಲ್ಲಿ ರಕ್ಷಣಾ ಇಲಾಖೆಯಿಂದ ಹೊರಟ ಕಾರ್ಯಕ್ರಮವಾರು ಬಜೆಟ್ ಪದ್ಧತಿ ಶಾಲೆಗಳಿಗೂ ಬಂತು. ಗುರಿ ಮೊದಲು, ಹಣ ಆಮೇಲೆ ಎಂಬುದು ಅದರ ತಿರುಳು. ಕಾಗದಪತ್ರದ ಭಾರಕ್ಕೆ ಅದು ಕುಸಿಯಿತು. ಕೇಂದ್ರ ಸರ್ಕಾರವೇ 1971ರಲ್ಲಿ ಅದನ್ನು ಕೈಬಿಟ್ಟಿತು.

ನಿಜವಾದ ತಿರುವು ಬಂದದ್ದು ನ್ಯಾಯಾಲಯದಿಂದ. 1971ರ ಸೆರಾನೊ ಮೊಕದ್ದಮೆಯಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯದ ಮುಂದೆ ಎರಡು ಅಂಕಿಗಳು ನಿಂತವು: ಸಿರಿವಂತ ಬೆವರ್ಲಿ ಹಿಲ್ಸ್‌ನಲ್ಲಿ ಮಗುವೊಂದಕ್ಕೆ ಸುಮಾರು 1,232 ಡಾಲರ್, ಬಾಲ್ಡ್‌ವಿನ್ ಪಾರ್ಕ್‌ನಲ್ಲಿ 577. ಆ ನ್ಯಾಯಾಲಯ ಬಡವರ ಪರ ನಿಂತಿತು. ಆದರೆ 1973ರಲ್ಲಿ ಸ್ಯಾನ್ ಆಂಟೋನಿಯೊದ ರಾಡ್ರಿಗಸ್ ಮೊಕದ್ದಮೆಯಲ್ಲಿ ದೇಶದ ಸುಪ್ರೀಂ ಕೋರ್ಟು 5–4ರಿಂದ ಇಂಥ ವಾದಕ್ಕೆ ಬಾಗಿಲು ಮುಚ್ಚಿತು.

ಇವೆರಡೂ ಜಿಲ್ಲೆ-ಜಿಲ್ಲೆಗಳ ನಡುವಣ ಅಂತರದ ಮಾತು. ನನ್ನ ಮಟ್ಟಿಗೆ ಇವುಗಳಿಗಿಂತ ದೊಡ್ಡದು, ಹೊರಗೆ ಅಷ್ಟಾಗಿ ಸದ್ದು ಮಾಡದ ಹಾಬ್ಸನ್ ಮೊಕದ್ದಮೆ. ವಾಷಿಂಗ್ಟನ್ ನಗರದ ಒಳಗೇ, ಒಂದೇ ಮಂಡಳಿಯ ಶಾಲೆಗಳ ನಡುವೆಯೇ ಶಿಕ್ಷಕರ ಸಂಬಳದ ವೆಚ್ಚದಲ್ಲಿ ಅಸಮಾನತೆ ಇದೆಯೆಂದು ನ್ಯಾಯಾಧೀಶ ಸ್ಕೆಲಿ ರೈಟ್ ಕಂಡುಕೊಂಡರು. ಯಾವ ಪ್ರಾಥಮಿಕ ಶಾಲೆಯಲ್ಲೂ ಶಿಕ್ಷಕರ ಸಂಬಳ-ಸವಲತ್ತಿನ ತಲಾ ವೆಚ್ಚ ಸರಾಸರಿಯಿಂದ ನೂರಕ್ಕೆ 5ಕ್ಕಿಂತ ಆಚೀಚೆ ಹೋಗಬಾರದೆಂದು 1971ರಲ್ಲಿ ಆದೇಶಿಸಿದರು.

ಒಂದೇ ಜಿಲ್ಲೆಯಲ್ಲಿ ಅಸಮಾನತೆ ಹೇಗೆ ಹುಟ್ಟುತ್ತದೆ? ಸಂಬಳ, ಸವಲತ್ತುಗಳೇ ಖರ್ಚಿನ ಸುಮಾರು ನೂರಕ್ಕೆ 80. ಬಹುತೇಕ ಜಿಲ್ಲೆಗಳು ಶಾಲೆಯ ಖಾತೆಗೆ ನಿಜವಾದ ಸಂಬಳ ಹಾಕುವುದಿಲ್ಲ, ಜಿಲ್ಲೆಯ ಸರಾಸರಿ ಸಂಬಳ ಹಾಕುತ್ತವೆ. ಒಂದು ಲೆಕ್ಕ ಊಹಿಸಿಕೊಳ್ಳಿ. ಎರಡು ಶಾಲೆಗಳು, ತಲಾ 25 ಶಿಕ್ಷಕರು. ಉಳ್ಳವರ ಬಡಾವಣೆಯ ಶಾಲೆಯಲ್ಲಿ ಅನುಭವಿಗಳು, ಸಂಬಳ 90,000 ಡಾಲರ್. ಬಡವರ ಕೇರಿಯ ಶಾಲೆಯಲ್ಲಿ ಹೊಸಬರು, 60,000. ಬಜೆಟ್ ಪುಸ್ತಕದಲ್ಲಿ ಇಬ್ಬರಿಗೂ 75,000ದ ಲೆಕ್ಕ, ಎರಡೂ ಶಾಲೆಗೆ 18.75 ಲಕ್ಷ. ವಾಸ್ತವದಲ್ಲಿ ಒಂದಕ್ಕೆ 22.5 ಲಕ್ಷ, ಇನ್ನೊಂದಕ್ಕೆ 15 ಲಕ್ಷ. 3.75 ಲಕ್ಷ ಡಾಲರ್ ವರ್ಷವರ್ಷವೂ ಬಡ ಮಕ್ಕಳ ಪಾಲಿನಿಂದ ಸರಿದುಹೋಗುತ್ತದೆ, ಪುಸ್ತಕದಲ್ಲಿ ಮಾತ್ರ ಸಮಪಾಲು. ಯಾರೂ ಕದ್ದಿಲ್ಲ, ಯಾರೂ ಸುಳ್ಳು ಬರೆದಿಲ್ಲ. ಬಡ ಮಕ್ಕಳಿಗೆಂದೇ 1965ರಿಂದ ಬರುವ ಕೇಂದ್ರ ಅನುದಾನದ ನಿಯಮವೂ ಶಾಲೆಗಳನ್ನು ಹೋಲಿಸುವಾಗ ಸೇವಾವಧಿಯಿಂದ ಬರುವ ಸಂಬಳದ ವ್ಯತ್ಯಾಸವನ್ನು ಬಿಟ್ಟುಬಿಡುತ್ತದೆ. ಮಾರ್ಗರೀಟ್ ರೋಜಾ ಎಂಬ ಶಿಕ್ಷಣ ಹಣಕಾಸಿನ ವಿದ್ವಾಂಸೆ ವರ್ಷಗಟ್ಟಲೆ ಈ ಗಂಟನ್ನು ಬಿಡಿಸಿ ತೋರಿಸಿದರು. 2015ರ ಶಿಕ್ಷಣ ಕಾಯಿದೆಯ ನಂತರ ಪ್ರತಿ ಶಾಲೆಯ ತಲಾ ವೆಚ್ಚವನ್ನು ನಿಜ ಸಂಬಳದ ಲೆಕ್ಕದಲ್ಲೇ ಪ್ರಕಟಿಸಬೇಕಾಯಿತು. ಅಷ್ಟಕ್ಕೇ ಅರ್ಧ ಶತಮಾನ ಹಿಡಿಯಿತು ಎಂಬುದು ನನ್ನನ್ನು ಕಾಡುತ್ತದೆ.

ಇತ್ತ ಇನ್ನೊಂದು ಹಾದಿಯೂ ತೆರೆದಿತ್ತು. ಕೆನಡಾದ ಎಡ್ಮಂಟನ್‌ನಲ್ಲಿ ಶಾಲೆಗಳ ಮುಖ್ಯಾಧಿಕಾರಿ, ಅಂದರೆ ಸೂಪರಿಂಟೆಂಡೆಂಟ್, ಮೈಕ್ ಸ್ಟ್ರೆಂಬಿಟ್ಸ್ಕಿ 1976ರಲ್ಲಿ ಏಳು ಶಾಲೆಗಳಿಗೆ ಹಣವನ್ನೇ ಕೊಟ್ಟು, ಹೇಗೆ ಬಳಸುವುದೆಂಬ ತೀರ್ಮಾನವನ್ನು ಮುಖ್ಯೋಪಾಧ್ಯಾಯರಿಗೆ ಬಿಟ್ಟರು. ಷಿಕಾಗೊದಲ್ಲಿ 1988ರ ಕಾನೂನು ಪ್ರತಿ ಶಾಲೆಗೂ ತಂದೆತಾಯಂದಿರೇ ಹೆಚ್ಚಿರುವ ಚುನಾಯಿತ ಸಮಿತಿ ಕೊಟ್ಟು, ಶಾಲೆಯ ಬಜೆಟ್ಟಿಗೆ ಒಪ್ಪಿಗೆ ಕೊಡುವ ಅಧಿಕಾರವನ್ನೂ ಕೊಟ್ಟಿತು. ನಮ್ಮ ಶಾಲಾಭಿವೃದ್ಧಿ ಸಮಿತಿಗಳಲ್ಲಿ (ಎಸ್‌ಡಿಎಂಸಿ) ಕೂತವರಿಗೆ ಈ ಅಧಿಕಾರದ ತೂಕ ಬೇಗ ಅರ್ಥವಾದೀತು. ಸಿಯಾಟಲ್‌ನಲ್ಲಿ ನಿವೃತ್ತ ಸೇನಾಧಿಕಾರಿ ಜಾನ್ ಸ್ಟ್ಯಾನ್‌ಫರ್ಡ್ ಸೂಪರಿಂಟೆಂಡೆಂಟ್ ಆಗಿದ್ದಾಗ, 1997ರಲ್ಲಿ, ಮಗುವಿನ ಅಗತ್ಯಕ್ಕೆ ತಕ್ಕ ತೂಕ ಕೊಡುವ ಸೂತ್ರ ಬಂತು: ಬಡತನವಿದ್ದರೆ, ಇಂಗ್ಲಿಷ್ ಮನೆಮಾತಲ್ಲದಿದ್ದರೆ ಹೆಚ್ಚು ಹಣ. ನ್ಯೂಯಾರ್ಕ್ 2007ರಲ್ಲಿ ಇದೇ ದಾರಿ ಹಿಡಿಯಿತು.

ಕಾರ್ಯತಂತ್ರ ಯೋಜನೆ ಎಂಬ ಮಾತು ಜಿಲ್ಲೆಗಳಿಗೆ ದಟ್ಟವಾಗಿ ಬಂದದ್ದು 1980ರ ದಶಕದಲ್ಲಿ. ಬಹಳ ಕಡೆ ಅದು ಅಂದವಾದ ಪುಸ್ತಿಕೆಯಾಗಿ ಉಳಿಯಿತು. ಯೋಜನೆ ಐದು ವರ್ಷದ್ದು, ಬಜೆಟ್ ಜುಲೈನಿಂದ ಜೂನ್‌ವರೆಗಿನದು. ಬರೆಯುವ ಕಚೇರಿಗಳೂ ಬೇರೆ. ಎರಡನ್ನೂ ಕಾನೂನಿನಿಂದಲೇ ಹೊಲಿದದ್ದು 2013ರ ಕ್ಯಾಲಿಫೋರ್ನಿಯಾ. ಬಡ ಮಕ್ಕಳಿಗೆ, ಇಂಗ್ಲಿಷ್ ಕಲಿಯುತ್ತಿರುವವರಿಗೆ, ಸಾಕು ಮನೆಗಳಲ್ಲಿ ಬೆಳೆಯುವವರಿಗೆ ಮೂಲ ಅನುದಾನದ ಮೇಲೆ ನೂರಕ್ಕೆ 20 ಹೆಚ್ಚು. ಆ ಹಣ ಯಾವ ಗುರಿಗೆ ಹೋಯಿತೆಂದು ತಂದೆತಾಯಂದಿರ ಮುಂದೆ ಲಿಖಿತ ಯೋಜನೆ. ದಸ್ತಾವೇಜು ನೂರಾರು ಪುಟಕ್ಕೆ ಬೆಳೆಯಿತೆಂಬ ದೂರು ನಿಜವೇ. ಆದರೂ ಕೇಳುವ ಹಕ್ಕು ಬರಹಕ್ಕಿಳಿದಿದೆ.

ಮಗುವಿಗಿಷ್ಟು ಎಂದು ಹಣ ಹಂಚುವ ಈ ತಲೆಯೆಣಿಕೆಯ ಸೂತ್ರಕ್ಕೆ ಒಂದು ಕ್ರೂರ ಮುಖವೂ ಇದೆ. ಮಕ್ಕಳು ಕಡಿಮೆಯಾದಂತೆ ಹಣವೂ ಹೋಗುತ್ತದೆ. ಆದರೆ ಹತ್ತು ಮಕ್ಕಳು ಹತ್ತು ತರಗತಿಗಳಿಂದ ಹೊರಟರೆ ಒಬ್ಬ ಶಿಕ್ಷಕರನ್ನೂ ಬಿಡಲಾಗದು, ಬಾಯ್ಲರ್‌ನ ಬಿಲ್ಲೂ ಇಳಿಯದು. ಮೊದಲು ಸಂಗೀತ ಹೋಗುತ್ತದೆ, ಆಮೇಲೆ ಗ್ರಂಥಪಾಲಕರು, ಅದನ್ನು ಕಂಡು ಇನ್ನಷ್ಟು ಮಕ್ಕಳು. ಷಿಕಾಗೊ 2013ರಲ್ಲಿ ಸುಮಾರು 50 ಶಾಲೆಗಳನ್ನು ಮುಚ್ಚಲು ತೀರ್ಮಾನಿಸಿತು. ಆ ಶಾಲೆಗಳ ಮಕ್ಕಳಲ್ಲಿ ಬಹುಪಾಲು ಕಪ್ಪು ಜನರ ಮಕ್ಕಳು. ಕೋವಿಡ್ ಕಾಲದಲ್ಲಿ ದೇಶದ ಶಾಲೆಗಳಿಗೆ ಮೂರು ಕಂತುಗಳಲ್ಲಿ ಸುಮಾರು 19,000 ಕೋಟಿ ಡಾಲರ್ ನೆರವು ಬಂತು. ಖಾಯಂ ಹುದ್ದೆಗೆ ಅದನ್ನು ಸುರಿದ ಜಿಲ್ಲೆಗಳಿಗೆ, 2024ರ ಸೆಪ್ಟೆಂಬರ್‌ನಲ್ಲಿ ಕೊನೆಯ ಕಂತಿನ ಗಡುವು ಮುಗಿದಾಗ ಕಾಲಡಿಯ ನೆಲವೇ ಸರಿಯಿತು.

ಅದೇ ವರ್ಷದ ಬಜೆಟ್‌ನಲ್ಲಿ ಷಿಕಾಗೊ ತಲೆಯೆಣಿಕೆಯ ಸೂತ್ರ ಬಿಟ್ಟು ಹುದ್ದೆಗಳ ಲೆಕ್ಕಕ್ಕೆ ಮರಳಿತು: ಪ್ರತಿ ಶಾಲೆಗೂ ಕನಿಷ್ಠ ಇಂತಿಷ್ಟು ಹುದ್ದೆ ಖಚಿತ, ಕಷ್ಟದ ನೆರೆಹೊರೆಯ ಶಾಲೆಗೆ ಇನ್ನಷ್ಟು. ಸಣ್ಣ ಶಾಲೆಗಳು ಉಸಿರಾಡಿದವು. ಆ ಹುದ್ದೆಗೆ ಇಪ್ಪತ್ತು ವರ್ಷದ ಅನುಭವಿ ಬರುತ್ತಾರೋ, ಮೊದಲ ವರ್ಷದ ಶಿಕ್ಷಕಿ ಬರುತ್ತಾರೋ ಎಂಬುದನ್ನು ಹುದ್ದೆಯ ಪಟ್ಟಿ ಹೇಳುವುದಿಲ್ಲ. ಹಾಬ್ಸನ್ ಮೊಕದ್ದಮೆ ಕೇಳಿದ್ದು ಅದನ್ನೇ.