ನಾಗಮಂಗಲ 85: ತಾಮ್ರಪಟಕ್ಕೆ ಸಿಕ್ಕ ಕಾಯಂ ವಿಳಾಸ

ಗಂಗರ ಇತಿಹಾಸದ ಪುಸ್ತಕ ತೆರೆದರೆ ಅಡಿಟಿಪ್ಪಣಿಯಲ್ಲಿ ‘ನಾಗಮಂಗಲ 85’ ಎಂದು ಕಾಣುತ್ತದೆ. ಇದು ನಮ್ಮ ನಾಗಮಂಗಲ ತಾಲ್ಲೂಕಿನ ದೇವರಹಳ್ಳಿ ತಾಮ್ರಪಟದ ನಂಬರು. ಕ್ರಿ.ಶ. 776ರಲ್ಲಿ ಗಂಗ ದೊರೆ ಶ್ರೀಪುರುಷ ಬರೆಸಿದ್ದು. ಕುಂದಾಚ್ಚಿ ಎಂಬ ಹೆಣ್ಣುಮಗಳು ಶ್ರೀಪುರದಲ್ಲಿ ಕಟ್ಟಿಸಿದ ಬಸದಿಗೆ ಊರೊಂದನ್ನು ದಾನ ಕೊಟ್ಟ ವಿಷಯ ಇದರಲ್ಲಿದೆ. ಅದು ದೊರೆಯ ಆಳ್ವಿಕೆಯ 50ನೇ ವರ್ಷ ಎಂದೂ ಬರೆದಿದೆ. ಶ್ರೀಪುರುಷ 726ರ ಹೊತ್ತಿಗೆ ಪಟ್ಟಕ್ಕೆ ಬಂದ ಎಂಬ ಲೆಕ್ಕ ಸಿಗುವುದು ಇದರಿಂದಲೇ.

ಈ ನಂಬರು ಕೊಟ್ಟವರು ಬಿ.ಎಲ್. ರೈಸ್. ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ನಾಲ್ಕನೇ ಸಂಪುಟ, ಅಂದರೆ ನಾಗಮಂಗಲ, ಕೃಷ್ಣರಾಜಪೇಟೆ ಶಾಸನಗಳಿರುವ ಸಂಪುಟ, ಅಚ್ಚಾದದ್ದು 1898ರಲ್ಲಿ. ಆದರೆ ಈ ತಾಮ್ರಪಟವನ್ನು ಅವರು 1873ರಲ್ಲೇ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಸಂಪುಟ ಬರಲೆಂದು ಬಚ್ಚಿಟ್ಟಿದ್ದರೆ ವಿದ್ವಾಂಸರು ಇನ್ನೂ 25 ವರ್ಷ ಕಾಯಬೇಕಿತ್ತು.

ರೈಸ್ ಕ್ರಮ ಸರಳ: ತಾಲ್ಲೂಕಿನ ಹೆಸರು, ಮುಂದೆ ಒಂದು ನಂಬರು. ಓದಿನಲ್ಲಿ ತಪ್ಪು ಸಿಕ್ಕರೆ ಅದೇ ನಂಬರಿನ ಮೇಲೆ ಯಾರು ಬೇಕಾದರೂ ತಿದ್ದಬಹುದು. ಆ ಕಾಲಕ್ಕೆ ಮೇಲುಕೋಟೆಯ ಶಾಸನಗಳು ಶ್ರೀರಂಗಪಟ್ಟಣದ ಲೆಕ್ಕಕ್ಕೆ ಸೇರಿದ್ದವು. 1939ರಲ್ಲಿ ಮಂಡ್ಯ ಜಿಲ್ಲೆಯಾಯಿತು, ಮೇಲುಕೋಟೆ ಇವತ್ತು ಪಾಂಡವಪುರ ತಾಲ್ಲೂಕಿನಲ್ಲಿದೆ. ಆದರೂ ಹಳೇ ನಂಬರು ಹಿಡಿದು ಹುಡುಕಿದರೆ ಅದೇ ಶಾಸನ ಸಿಗುತ್ತದೆ. 1970ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹೊಸ ಸಂಪುಟಗಳನ್ನು ತಂದು ಹೊಸ ನಂಬರು ಕೊಟ್ಟಾಗಲೂ ಹಳೆಯದನ್ನು ಜೊತೆಗೇ ಕಾಣಿಸಿತು.

ಇವತ್ತಿನ ಸಂಶೋಧಕರು ಇದೇ ಕೆಲಸವನ್ನು ಇಂಟರ್ನೆಟ್‌ನಲ್ಲಿ ಮಾಡುತ್ತಾರೆ. ‘ಡಿಒಐ’ ಎಂಬ ಕಾಯಂ ನಂಬರು ಇದೆ. ಕಡತ ಬೇರೆ ಜಾಗಕ್ಕೆ ಹೋದರೂ ಹೊಸ ವಿಳಾಸ ನಮೂದಿಸಿದರೆ ಹಳೇ ಲಿಂಕೇ ಅಲ್ಲಿಗೆ ಕರೆದೊಯ್ಯುತ್ತದೆ. ಯುರೋಪಿನ ಸರ್ನ್ ಸಂಸ್ಥೆ 2013ರಿಂದ ನಡೆಸುತ್ತಿರುವ ‘ಝೆನೋಡೋ’ ಭಂಡಾರದಲ್ಲಿ ಪ್ರಕಟಣೆಗೆ ಮೊದಲೇ ಈ ನಂಬರನ್ನು ಕಾಯ್ದಿರಿಸಬಹುದು, ಕರಡನ್ನು ಬೇಕಾದವರಿಗಷ್ಟೇ ಲಿಂಕ್ ಕಳಿಸಿ ತೋರಿಸಬಹುದು. ನಮ್ಮಲ್ಲೂ ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವಂತೆ ಇಡುತ್ತಿದೆ.

ನಮ್ಮ ಊರುಗಳಲ್ಲಿ ಇದರ ಅಗತ್ಯ ಹೆಚ್ಚು. ರಸ್ತೆ ಅಗಲ ಮಾಡುವಾಗ, ಗುಡಿಯ ಜೀರ್ಣೋದ್ಧಾರದಲ್ಲಿ, ಕೆರೆ ಏರಿ ಕೆಲಸದಲ್ಲಿ ಕಲ್ಲು ಮಣ್ಣುಪಾಲಾಗುವುದಕ್ಕೆ ಒಂದು ಜೆಸಿಬಿ, ಒಂದು ಮಧ್ಯಾಹ್ನ ಸಾಕು. ಆಗ ಉಳಿಯುವುದು ಯಾರೋ ತೆಗೆದ ಫೋಟೋ ಮಾತ್ರ. ಅದು ವಾಟ್ಸಾಪ್‌ನಲ್ಲಷ್ಟೇ ಇದ್ದರೆ ಯಾವ ಊರಿನದು, ಯಾವ ಕಲ್ಲು ಎಂಬುದೇ ಆರು ತಿಂಗಳಲ್ಲಿ ಮರೆತುಹೋಗುತ್ತದೆ.

ನಿಮ್ಮೂರಲ್ಲಿ ಶಾಸನವಿದ್ದರೆ ಬೆಳಗಿನ ಓರೆ ಬಿಸಿಲಲ್ಲಿ ಫೋಟೋ ತೆಗೆಯಿರಿ, ಅಕ್ಷರ ಎದ್ದು ಕಾಣುತ್ತವೆ. ಸೀಮೆಸುಣ್ಣ, ಎಣ್ಣೆ ಹಚ್ಚಬೇಡಿ. ಊರು, ತಾಲ್ಲೂಕು, ಕಲ್ಲಿರುವ ಜಾಗ, ತಾರೀಖು ಬರೆದು ವಿಕಿಮೀಡಿಯ ಕಾಮನ್ಸ್‌ನಂಥ ಕಡೆ ಹಾಕಿ, ಅದರ ಲಿಂಕನ್ನು ಗ್ರೂಪಿಗೆ ಕಳಿಸಿ. ಪಾಳುಬಿದ್ದ ಒಂಟಿ ಜಾಗವಾದರೆ ನಿಧಿಗಳ್ಳರ ಕಾಟವಿರುತ್ತದೆ. ಅಲ್ಲಿ ಊರಿನ ಹೆಸರಷ್ಟೇ ಸಾಕು, ನಿಖರ ಜಾಗವನ್ನು ಪುರಾತತ್ವ ಇಲಾಖೆಗೆ ತಿಳಿಸಿ. ರೈಸ್ ಕೊಟ್ಟ ಹಳೇ ನಂಬರು ಗೊತ್ತಿದ್ದರೆ ಅದನ್ನೂ ಸೇರಿಸಿ. ಓದಲು ಬರದಿದ್ದರೂ ಪರವಾಗಿಲ್ಲ, ಓದುವವರು ಆಮೇಲೆ ಬರುತ್ತಾರೆ.